ಎಡಿಗಿಟ್ಟ ಪಾನಾ

ದನಿ ಸಣ್ಣ ಮಾಡ್ರಿ. ಒಳಗ ಕೂಸು ಮಲಗೈತಿ. ಮತ್ತ ಈ ಮಾತು ನಾಗಕ್ಕನ ಕಿವಿಗೆ ಬಿತ್ತು ಅಂದ್ರ ದೆವ್ವ ಬರೋಕಿಂತ ಮೊದಲ ಆಕೀನ ಬಂದು ನನ್ನ ತುರುಬ ಹಿಡಿತಾಳ. ಯಾರ ಮುಂದೂ ಹೇಳಬ್ಯಾಡ ಅಂದಾಳ. ಹೇಳ್ತೇನಿ. ಯಾಕಂದ್ರ ಊರ ಮಂದಿ ಒಂದಕ್ಕ ಹತ್ತು ಹಚ್ಚಿ ಹೇಳಾಕತ್ತಾರ, ಅದನ್ನ ಕೇಳಿ ಕೇಳಿ ನನ್ನ ತಲಿ ಕೆಟ್ಟು ಮಸರಗಡಗಿ ಆಗೈತಿ. ಆದದ್ದನ್ನ ಆದಂಗ ಕೇಳ್ರಿ.

ನಾಗಕ್ಕ ಅಂದ್ರ ನಾಗರತ್ನಾ, ನಮ್ಮ ದೊಡ್ಡವ್ವನ ಮಗಳು. ಹಿರೇಕೆರೂರ ಕಡೆಯಿಂದ ಇಬ್ಬರೂ ಇದ ಊರಿಗೆ ಸೊಸೇರಾಗಿ ಬಂದೇವಿ. ಆಕಿ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ.

ಆವತ್ತು ಆಕಿ ಹುಬ್ಬಳ್ಳಿಗೆ ಹೋಗಿ ರೈಲಿಗೆ ಹೊಳ್ಳಿ ಬಂದಿದ್ಲು. ರೈಲು ಹಾದ್ಯಾಗ ಎಲ್ಲೋ ನಿಂತು, ಯಲವಿಗಿ ಸ್ಟೇಷನ್‌ದಾಗ ಇಳಿಯೋದ್ರಾಗ ಹೊತ್ತು ಮುಣುಗಿ ಭಾಳ ಆಗಿತ್ತು. ನಮ್ಮೂರ ಕಡೆ ಬರೋ ಟಂಟಂ ಆಟೋ ಎಲ್ಲಾ ಹೋಗಿದ್ವು. ಹೊಲದ ಹಾದಿ ಹಿಡದು ಒಬ್ಬಾಕೀನ ನಡಕೊಂತ ಹೊಂಟ್ಲು. ಅಮಾಸಿ ಮರುದಿನ, ಚಂದ್ರ ಇಲ್ಲ. ಕೈಯಾಗ ಒಂದ ಕೈಚೀಲ. ಚೀಲದಾಗ ಸೀರಿ ಅಲ್ಲ, ಬಳಿ ಅಲ್ಲ... ವ್ಯಾನಿನ ಇಂಜಿನ್ನಿಗೆ ಹಾಕೋ ಟೈಮಿಂಗ್ ಚೈನ್.

ಹಾದ್ಯಾಗ ಕಲ್ಲಬಾವಿ ಬರತೈತಿ. ನೀರಿಲ್ಲದ ಬಾವಿ. ಪಂಪ್‌ಸೆಟ್ ಕಿತ್ತಿ ಎಷ್ಟೋ ವರ್ಷ ಆತು. ಆ ಬಾವಿ ದಾಟೋಮುಂದ ಆಕಿಗೆ ಕೇಳಿತಂತ...

ಕಿರ್... ಕಿರ್... ಕಿರ್... ಟಕ್.

ನಿಂತ್ಲು. ಜೀರುಂಡಿ ಅಂತ ತಿಳಕೊಂಡ್ಲು. ಆದ್ರ ಜೀರುಂಡಿ ಒಂದ ಸವನ ಒದರತೈತಿ, ನಡುವ ಟಕ್ ಅನ್ನಂಗಿಲ್ಲ.

ಮತ್ತ. ಕಿರ್... ಕಿರ್... ಟಕ್.

ಬಾವಿ ತಳದಾಗಿಂದ.

ಆ ಸಪ್ಪಳ ಆಕಿಗೆ ಹೊಸಾದಲ್ಲ. ರಾಚೆಟ್ ಅಂತಾರ ನೋಡ್ರಿ, ಮೆಕ್ಯಾನಿಕ್ ಮಂದಿ ಬೋಲ್ಟ್ ಬಿಗಿಯೋ ಪಾನಾ. ಬಿಗಿದು ಹಿಂದಕ್ಕ ತಂದ್ರ ಕಿರ್ ಅಂತೈತಿ. ಪೂರಾ ಬಿಗಿದ ಮ್ಯಾಲೆ ಅದರ ಹಿಡಿಕಿಗೆ ಅಂಗೈಲೆ ಟಕ್ ಅಂತ ಒಂದ ಪೆಟ್ಟು ಕೊಡೋದು ರುದ್ರೇಶ ಭಾವನ ಚಟ. ಅಂವ ಒಬ್ಬನ ಹಂಗ ಮಾಡಾಂವ.

ರುದ್ರೇಶ ಭಾವ ಅಂದ್ರ ನಾಗಕ್ಕನ ಗಂಡ. ನಾಗರ ಪಂಚಮಿ ಮುಂದ ಸತ್ತಾಂವ. ಅವನ್ನ ಮಣ್ಣ ಮಾಡಿದ್ದು ಆ ಬಾವಿ ಬಾಜೂಕಿನ ಹೊಲದಾಗ.

'ಅಂಜಿಕಿ ಬರಲಿಲ್ಲೇನ ಅಕ್ಕ?' ಅಂತ ಆಮ್ಯಾಲೆ ಕೇಳಿದೆ.

'ಸಿಟ್ಟ ಬಂತು' ಅಂದ್ಲು.

ಯಾಕ ಸಿಟ್ಟು ಅಂತ ತಿಳೀಬೇಕಂದ್ರ ಅವನ ಸಾವು ಹೇಳಬೇಕು.

ಭಾವ ಕೆಟ್ಟಾಂವಲ್ಲ. ಕುಡಿಯಾಂವಲ್ಲ, ಬಡಿಯಾಂವಲ್ಲ. ಆದ್ರ ಹೆಂಡತಿ ಮಾತಿಗೆ ಅವನ ಎರಡೂ ಕಿವಿ ಬಂದ್. ಅವನ ಹತ್ರ ಒಂದ ವ್ಯಾನ್ ಇತ್ತು. ನಸುಕಿನ್ಯಾಗ ನಮ್ಮನ್ನ, ಓಣಿ ಹೆಂಗಸರನ್ನೆಲ್ಲಾ, ತುಂಬಕೊಂಡು ಬೀಜದ ಹತ್ತಿ ಹೊಲಕ್ಕ ಬಿಡಾಂವ, ಸಂಜಿಗೆ ಕರಕೊಂಡು ಬರಾಂವ. ಕ್ರಾಸಿಂಗ್ ಕೆಲಸ. ಗಂಡ ಹೂವಿನ ಪುಡಿ ಹೆಣ್ಣ ಹೂವಿಗೆ ಮುಟ್ಟಸೋದು. ಬಿಸಲೇರಿದ್ರ ಕೆಲಸ ಕೆಟ್ಟಂಗ, ಹಿಂಗಾಗಿ ಗಾಡಿ ಹೊತ್ತಿಗೆ ಸರಿಯಾಗಿ ಹೊಲಕ್ಕ ಮುಟ್ಟಬೇಕು. ಶಿಗ್ಗಾವಿ ಕಡೆ ಕರದ್ರ ಶಿಗ್ಗಾವಿ, ಹಾನಗಲ್ಲ ಕಡೆ ಕರದ್ರ ಹಾನಗಲ್ಲ.

ಆ ವ್ಯಾನಿನ ಟೈಮಿಂಗ್ ಚೈನ್, ಅಂದ್ರ ಇಂಜಿನ್ನಿನ ಒಳಗಿನ ಹಲ್ಲಿನ ಗಾಲಿ ತಿರುಗಿಸೋ ಸರಪಳಿ, ಸಡ್ಲಾಗಿತ್ತು. ಮುಂಜಾನೆ ಚಾಲೂ ಮಾಡಿದ್ರ ಚರ್ರ್... ಕಟಕಟಕಟ... ತಗಡಿನ ಡಬ್ಬಿಯಾಗ ಕಲ್ಲ ಹಾಕಿ ಅಲಗ್ಯಾಡಿಸಿದಂಗ ಸಪ್ಪಳ. ಮನ್ಯಾಗ ತಾನ ಬದಲಿ ಮಾಡ್ತೇನಿ ಅಂತ ಬಾಜೂಕಿನ ತಗಡಿನ ಶೆಡ್ಡಿನ್ಯಾಗ ವ್ಯಾನ್ ನಿಂದ್ರಿಸಿದ. ಬಂಪರ್ ತಗದ, ರೇಡಿಯೇಟರ್ ತಗದ, ಇಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದ. ಹೊರಗ ಜಿಟಿಜಿಟಿ ಮಳಿ ಹಿಡದಿತ್ತು. ಬೆಳಕಿಗೆ ಕರೆಂಟಿನ ಕೈದೀಪ. ಅದರ ವೈರ್ ಸೀಳಿತ್ತು.

ಟೇಪ್ ಸುತ್ತರಿ ಅಂತ ನಾಗಕ್ಕ ಮುಂಜಾನೆ ಹೇಳಿದ್ಲು. ಮಧ್ಯಾಹ್ನ ರೊಟ್ಟಿ ನೀಡೋಮುಂದ ಹೇಳಿದ್ಲು. ಚಾ ಕೊಡೋಮುಂದ ಹೇಳಿದ್ಲು. 'ನಿನಗೇನ ತಿಳಿತೈತಿ, ಸುಮ್ಮ ಹೋಗ' ಅಂದ. ಹಸಿ ನೆಲದ ಮ್ಯಾಲೆ ಕುಂತು ದೀಪ ಎತ್ತಿದ... ಅಷ್ಟ.

ನಾಗಕ್ಕ ಅತ್ತದ್ದು ಕಡಿಮಿ. ಕಲ್ಲ ಮನಸಿನಾಕಿ ಅಂತ ಮಂದಿ ಆಡಕೊಂಡ್ರು. ಅವರ ಬಾಯಿಗಿಷ್ಟು! ಆಕಿಗೆ ಅಳು ಬರೋ ಜಾಗಾದಾಗ ಸಿಟ್ಟ ತುಂಬಿತ್ತು. ಒಂದಿನ ನನ್ನ ಮುಂದ ಹಲ್ಲ ಕಡದು ಅಂದ್ಲು, 'ಒಂದ ಗೇಣ ಟೇಪ್, ತನುಜಾ. ಒಂದ ಗೇಣ ಟೇಪ್ ಸುತ್ತಿದ್ರ ಇವತ್ತ ಇರ್ತಿದ್ರು.'

ಭಾವನ ದಿನಕರ್ಮ ಮಾಡಿದ ಮ್ಯಾಲೆ ನಾಗಕ್ಕನ ಮೈದುನ ಬಂದ, ಲೋಹಿತ. ಶಿಗ್ಗಾವ್ಯಾಗ ಟೈರ್ ಅಂಗಡಿ ಇಟ್ಕೊಂಡಾನ. ಅಣ್ಣ ಇದ್ದಾಗ ಹಬ್ಬಕ್ಕೂ ಹೊಳ್ಳಿ ನೋಡಲಾರದಾಂವ.

'ವೈನಿ, ಗಾಡಿ ನಾ ಒಯ್ತೇನಿ. ಹೆಣ್ಮಕ್ಕಳು ನೀವು ತಗೊಂಡು ಏನ ಮಾಡ್ತೀರಿ?'

'ನಡಸ್ತೇನಿ.'

ನಕ್ಕನ್ರಿ ಅಂವ. ನಾಗಕ್ಕ ತವರಮನ್ಯಾಗ ಟ್ರ್ಯಾಕ್ಟರ್ ಹೊಡದಾಕಿ, ಲೈಸನ್ಸ್ ಐತಿ. ಭಾವ ಒಂದ ದಿನ ಸ್ಟೇರಿಂಗ್ ಕೊಟ್ಟಿದ್ದಿಲ್ಲ, ಆ ಮಾತು ಬ್ಯಾರೆ.

'ಬಿಚ್ಚಿ ಬಿದ್ದ ಗಾಡಿ ನಡಸ್ತೀರಾ? ಆತು ಬಿಡ್ರಿ. ಹಿರ್‍ಯಾರ ಅಮಾಸಿ ಕಳದು ಬರೋ ರವಿವಾರದಾಗ ಇಂಜಿನ್ ಕೂಡಿಸಿ ಚಾಲೂ ಮಾಡ್ರಿ, ಗಾಡಿ ನಿಮ್ದ. ಇಲ್ಲಾಂದ್ರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಕೊಂಡು ಹೋಗ್ತೇನಿ.'

ಅವರವ್ವ ದಾನವ್ವ, ನಾಗಕ್ಕನ ಅತ್ತಿ, ಅಲ್ಲೇ ಕುಂತಿದ್ಲು. ಮಗನ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ವ್ಯಾನ್ ಹೋದ್ರ ನಾಗಕ್ಕಗ ಉಳಿಯೋದು ಏನು? ಮಂದಿ ಗಾಡಿಯಾಗ ಕುಂತು ಮಂದಿ ಹೊಲಕ್ಕ ಕೂಲಿ ಹೋಗೋದು. ಗಂಡನ್ನ ತಿಂದ ಇಂಜಿನ್ನು, ಅದರಿಂದ ಅನ್ನರ ಹುಟ್ಟಬೇಕು ಅಂತ ಆಕಿ ಹಟ.

ಸವಣೂರಾಗ ಅತೀಕ ಅಂತ ಮೆಕ್ಯಾನಿಕ್ ಅದಾನ, ಭಾವನ ಗೆಳೆಯ. ನಾಗಕ್ಕ ಮೊದಲ ಅವನ ಹತ್ರ ಹೋದ್ಲು. ಅಂವ ಕೈ ಮುಗದ. 'ನಾಗಕ್ಕಾರ, ನಿಮ್ಮ ಕಾಲ ಬೀಳ್ತೇನ್ರಿ. ರುದ್ರೇಶ ಸತ್ತ ಇಂಜಿನ್ ಮುಟ್ಟಾಕ ನನ್ನ ಕೈ ಏಳಂಗಿಲ್ಲ. ಫೋನಿನ್ಯಾಗ ಏನ ಬೇಕಾದ್ದ ಕೇಳ್ರಿ, ಹೇಳ್ತೇನಿ.'

'ಹೇಳು ಸಾಕು. ನಾನ ಮಾಡ್ತೇನಿ' ಅಂದ್ಲು.

ಹೆಂಗಸು ಇಂಜಿನ್ ಕೂಡಸ್ತಾಳೇನ ಅಂತ ನಗಬ್ಯಾಡ್ರಿ. ಮದುವಿ ಆದಾಗಿಂದ ಆ ಮನ್ಯಾಗ ಬೋಲ್ಟ್ ಬಿಚ್ಚಿದಾಗೆಲ್ಲಾ ಬ್ಯಾಟ್ರಿ ಹಿಡದಾಕಿ ಯಾರು? ಗಂಡಸರು ಕೆಲಸಕ್ಕ ಕುಂತ್ರ ಹೆಂಡ್ತೀರು ಬೆಳಕ ಹಿಡಕೊಂಡು ನಿಂದ್ರಬೇಕು. ಅಲ್ಲೆ ಹಿಡಿ, ಇಲ್ಲೆ ಹಿಡಿ, ಕಣ್ಣ ಎಲ್ಲಿ ಅದಾವ ನಿನ್ನೂವು, ಅಂತ ಬೈಸ್ಕೋಬೇಕು. ನಿಮ್ಮ ಮನ್ಯಾಗ ಇಲ್ಲೇನು? ನಮ್ಮ ಮನ್ಯಾಗೂ ಐತಿ. ಬೆಳಕ ಹಿಡದಾಕಿಗೆ ಎಲ್ಲಾ ಕಾಣತೈತ್ರಿ. ಯಾರೂ ಆಕಿನ್ನ ಕೇಳಂಗಿಲ್ಲ, ಅಷ್ಟ.

ಈಗ ತಪ್ಪು ಎಲ್ಲಾತು ಅಂತ ಕೇಳ್ರಿ.

ಹಿರ್‍ಯಾರ ಅಮಾಸಿ ದಿನ ಸತ್ತವರಿಗೆ ಎಡಿ ಇಡ್ತೇವಲ್ಲ. ಭಾವ ಸತ್ತು ವರ್ಷ ತುಂಬಿಲ್ಲ, ಈ ಸಲ ಅವಗ ಇಡಬ್ಯಾಡ ಅಂತ ಓಣಿ ಹಿರೇರು ಹೇಳಿದ್ರು. ದಾನವ್ವತ್ತಿ ಕೇಳಲಿಲ್ಲ. ಆ ಮನಿತನದಾಗ ಯಾರೂ ಯಾರ ಮಾತೂ ಕೇಳಂಗಿಲ್ಲ. ಹೋಳಿಗಿ ಇಟ್ಲು, ಹೊಸಾ ಧೋತರ ಇಟ್ಲು. ಆಮ್ಯಾಲೆ ಶೆಡ್ಡಿಗೆ ಹೋಗಿ, ಭಾವ ಸಾಯೋಮುಂದ ಕೈಯಾಗಿದ್ದ ರಾಚೆಟ್ ತಂದು, ಎಣ್ಣಿ ಒರಸಿ, ಇಬತ್ತಿ ಹಚ್ಚಿ, ಎಡಿ ಮುಂದ ಇಟ್ಲು. 'ನಿನ್ನ ಜೀವದ ಸಾಮಾನ ಇದು. ಬಂದು ಮುಟ್ಟೋ ನನ್ನಪ್ಪಾ' ಅಂತ ಅತ್ಲು.

ಯೋಚನಿ ಮಾಡ್ರಿ. ಎಡಿಗಿಟ್ಟ ಹೋಳಿಗಿ ಸತ್ತವರು ಮುಟ್ಟಿದ ಮ್ಯಾಲೆ ನಾವು ತಿಂತೇವಿ, ಅಲ್ಲಿಗೆ ಮುಗೀತು. ಎಡಿಗಿಟ್ಟ ಪಾನಾ ಯಾರು ತಿಂತಾರ? ಅದು ಮುಗಿಯೋದು ಯಾವಾಗ? ಬಂದು ಮುಟ್ಟು ಅಂತ ಕರದ್ರು. ಕರದ ಮ್ಯಾಲೆ ಹೋಗು ಅಂತ ಯಾರೂ ಹೇಳಲಿಲ್ಲ.

ಮರುದಿನ ನಾಗಕ್ಕ ಹುಬ್ಬಳ್ಳಿಗೆ ಹೋಗಿ ಚೈನ್ ತಂದ್ಲು. ಬಾವ್ಯಾಗಿನ ಸಪ್ಪಳ ಕೇಳಿದ್ದು ಆವತ್ತ. ಮನಿಗೆ ಬಂದು ನೋಡಿದ್ರ ಎಡಿ ಇಟ್ಟ ದೇವರ ಜಗಲಿ ಮ್ಯಾಲೆ ರಾಚೆಟ್ ಇಲ್ಲ. ಶೆಡ್ಡಿನ್ಯಾಗ, ವ್ಯಾನಿನ ಮುಂದ, ಗೋಣಿಚೀಲದ ಮ್ಯಾಲೆ ಬಿದ್ದಿತ್ತು.

'ಅತ್ತಿ, ಇದನ್ನ ನೀವು ತಂದ್ರೇನು?'

'ಇಲ್ಲವಾ. ನಾ ಜಗಲಿ ಬಿಟ್ಟು ಎದ್ದಿಲ್ಲ.'

ಹೋಗ್ಲಿ ಬಿಡು ಅಂತ ನಾಗಕ್ಕ ಮುಂಜಾನೆ ಕೆಲಸಕ್ಕ ಕುಂತ್ಲು. ಹಳೇ ಚೈನ್ ಮೊದಲ ತಗದಿದ್ದ ಭಾವ. ಹೊಸಾ ಚೈನಿನ್ಯಾಗ ಬಣ್ಣ ಹಚ್ಚಿದ ಕಡಿ, ಅಂದ್ರ ಕೊಂಡಿ, ಇರ್ತಾವಂತ. ಮ್ಯಾಲಿನ ಹಲ್ಲಿನ ಗಾಲಿ ಮ್ಯಾಲೆ ಚುಕ್ಕಿ, ಕೆಳಗಿನ ಗಾಲಿ ಮ್ಯಾಲೂ ಚುಕ್ಕಿ. ಬಣ್ಣದ ಕಡಿ ಚುಕ್ಕಿಗೆ ಸರಿಯಾಗಿ ಕುಂದರಬೇಕು. ಒಂದ ಹಲ್ಲು ಆಚೆ ಈಚೆ ಆದ್ರ ಒಳಗಿನ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡದು ಇಂಜಿನ್ ಕೆಲಸ ಮುಗದಂಗ. ಅತೀಕ ಫೋನಿನ್ಯಾಗ ಹೇಳಿದ, ಆಕಿ ಹಂಗ ಮಾಡಿದ್ಲು. ಚೈನ್ ಬಿಗಿ ಹಿಡಿಯೋ ಟೆನ್ಷನರ್ ಸೈತ ಕುಂದ್ರಿಸಿದ್ಲು. ಮುಚ್ಚಳ ಮುಂಜಾನೆ ಹಾಕಿದ್ರಾತು ಅಂತ ಮಲಗಿದ್ಲು.

ರಾತ್ರಿ ಕಿರ್... ಕಿರ್... ಟಕ್.

ಮುಂಜಾನೆ ನೋಡಿದ್ರ ಬಣ್ಣದ ಕಡಿ ಚುಕ್ಕಿ ಬಿಟ್ಟು ಒಂದ ಹಲ್ಲು ಮುಂದ.

ತನ್ನ ಕೈ ತಪ್ಪೈತಿ ಅಂತ ಹೊಳ್ಳಿ ಕೂಡಿಸಿದ್ಲು. ಮತ್ತ ರಾತ್ರಿ. ಮತ್ತ ಒಂದ ಹಲ್ಲು ಮುಂದ. ರಾಚೆಟ್ಟನ್ನ ಟ್ರಂಕಿನ್ಯಾಗ ಹಾಕಿ ಕೀಲಿ ಹಾಕ್ಕೊಂಡು ಮಲಗಿದ್ಲು. ಮುಂಜಾನೆ ರಾಚೆಟ್ ಗೋಣಿಚೀಲದ ಮ್ಯಾಲೆ. ಟ್ರಂಕಿನ ಕೀಲಿ ಹಾಕಿದ್ದು ಹಾಕಿದಂಗ ಐತಿ!

ಅತೀಕಗ ಫೋನ್ ಹಚ್ಚಿದ್ಲು. ನಾ ಬಾಜೂಕ ನಿಂತಿದ್ದೆ. 'ಟೆನ್ಷನರ್ ಹಾಕಿದ ಮ್ಯಾಲೆ ಚೈನ್ ತಾನ ಜಿಗೀತೈತೇನೊ ಅತೀಕಾ?'

'ಸಾಧ್ಯನ ಇಲ್ರಿ. ಯಾ ಕಡೆ ಹೋಗೈತಿ?'

'ಒಂದ ಹಲ್ಲು ಮುಂದ. ದಿನಾ ಅಷ್ಟ.'

ಅತೀಕ ಮೆತ್ತಗ ಅಂದ, 'ಅಕ್ಕಾರ... ಅದು ರುದ್ರೇಶನ ಕೈರಿ. ಒಂದ ಹಲ್ಲು ಮುಂದ ಇಟ್ರ ಗಾಡಿ ಎಳೆತ ಹೆಚ್ಚಾಗತೈತಿ ಅಂತಿದ್ದ. ಹಳೇ ಬೈಕಿಗೆ ಮಾಡಿ ಮಾಡಿ ರೂಢಿ ಆಗಿತ್ತು. ಈ ಇಂಜಿನ್ನಿಗೆ ಹಂಗ ಮಾಡಬ್ಯಾಡೊ ಅಂತ ಎಷ್ಟ ಸಲ ಹೇಳೇನಿ... ಕೇಳಾಂವಲ್ಲ.'

ನಾಗಕ್ಕನ ಮಾರಿ ಕೆಂಪಗಾತು. ಫೋನ್ ಇಟ್ಲು. ಶೆಡ್ಡಿನ ಕಡೆ ನೋಡಿ ಒಂದ ಮಾತಂದ್ಲು, 'ಸತ್ತರೂ ಬುದ್ಧಿ ಬರಲಿಲ್ಲ.'

ದಾನವ್ವತ್ತಿ ಕುಣದಾಡಿದ್ಲು. 'ನನ್ನ ಮಗ ಬಂದಾನಂದ್ರ ಅವನ ಕೈಗೆ ಬಿಡ ನೀ. ಅವಗ ಗೊತ್ತೈತಿ. ನೀ ಯಾಕ ಅಡ್ಡ ನಿಂದರ್ತಿ?' ಅಂತ. ಮಗ ಹೊಳ್ಳಿ ಬಂದ ಸಂತೋಷ ಆಕಿಗೆ. ಆ ಮುದುಕಿ ಮ್ಯಾಲೆ ನನಗ ಸಿಟ್ಟೂ ಬಂತು, ಕಣ್ಣಾಗ ನೀರೂ ಬಂತು.

ಶನಿವಾರ ಬಂತು. ಮರುದಿನ ಮುಂಜಾನೆ ಲೋಹಿತ ಬರಾಂವ. ಹೊತ್ತು ಮುಣುಗೂಮುಂದ ನಾಗಕ್ಕ ಚುಕ್ಕಿಗೆ ಕಡಿ ಕೂಡಿಸಿ ನನ್ನ ಕರದ್ಲು. 'ತನುಜಾ, ಇವತ್ತ ನಾ ಮಲಗಂಗಿಲ್ಲ. ನೀ ಗ್ವಾಡಿ ಆಚೆ ಕುಂದರು. ಏನ ಕಂಡ್ರೂ ಒದರಬ್ಯಾಡ.'

ಹೊಟ್ಟಿ ಕೆಟ್ಟೈತಿ ಅಂತ ಗಂಡಗ ಸುಳ್ಳ ಹೇಳಿ ಹಿತ್ತಲಕ್ಕ ಬಂದು ಕುಂತೆ. ಗ್ವಾಡಿಯಾಗ ಇಟ್ಟಂಗಿ ಬಿದ್ದ ಕಂಡಿ ಐತಿ, ಅಲ್ಲಿಂದ ಶೆಡ್ ಕಾಣತೈತಿ. ಆಕಿ ವ್ಯಾನಿನ ಮುಂದ ಕಟ್ಟಿಗಿ ಮಣಿ ಹಾಕ್ಕೊಂಡು ಕುಂತಿದ್ಲು. ಕೈಯಾಗ ಬ್ಯಾಟ್ರಿ. ಬೆಳಕು ಚೈನಿನ ಮ್ಯಾಲೆ.

ಹಿಟ್ಟಿನ ಗಿರಣಿ ಬಂದಾತು. ಓಣ್ಯಾಗ ಮಾತು ಬಂದಾತು. ಯಲವಿಗಿ ಕಡೆ ಒಂದ ಗೂಡ್ಸ್ ಗಾಡಿ ದಡಬಡ ದಡಬಡ ಅಂತ ಹೋತು... ಅದೂ ನಿಂತಿತು. ಒಂದ ನಾಯಿ ಸೈತ ಬೊಗಳಲಿಲ್ಲ.

ಆಮ್ಯಾಲೆ...

ಕಿರ್.

ರಾಚೆಟ್ ಮಿಸುಕಾಡಿತು. ಯಾರೂ ಹಿಡದಿದ್ದಿಲ್ಲ. ನಾ ಕಣ್ಣಾರೆ ನೋಡೇನಿ... ಯಾರೂ ಹಿಡದಿದ್ದಿಲ್ಲ.

ಕಿರ್... ಕಿರ್...

ಬಾಯಾಗ ಸೆರಗ ತುರುಕಿಕೊಂಡೆ.

ನಾಗಕ್ಕ ಕೈ ಚಾಚಿ ಚೈನ್ ಹಿಡದ್ಲು. ಮುಷ್ಟಿ ಬಿಗದು ಹಿಡದ್ಲು. ಆ ಕಡೆಯಿಂದ ಏನೋ ಎಳೀತು. ಆಕಿ ತೋಳು ಮುಂದಕ್ಕ ಹೋತು. ಹಲ್ಲ ಕಚ್ಚಿ ಹಿಂದಕ್ಕ ಎಳಕೊಂಡ್ಲು. ಮತ್ತ ಎಳೀತು. ಎಣ್ಣಿ ಚೈನ್, ಅಂಗೈಯಾಗ ಚರ್ ಚರ್ ಅಂತ ಜಾರಾಕತ್ತಿತ್ತು.

ಆವಾಗ ದನಿ ಬಂತು. ಪಿಸುದನಿ. ಗಂಟಲಾಗ ಮಣ್ಣ ಸಿಕ್ಕಂಗ.

'ಬೆಳಕ... ಇಲ್ಲೆ ಹಿಡಿ.'

ಅವ್ವನಾಣಿ ಭಾವನ ದನಿ. ಅದ ಹುಕುಂ.

ನಾಗಕ್ಕನ ಕೈಯಾಗಿನ ಬ್ಯಾಟ್ರಿ ತಾನ ಆ ಕಡೆ ವಾಲಿತು. ರೂಢಿ ನೋಡ್ರಿ, ಅಷ್ಟ ವರ್ಷದ ರೂಢಿ. ಅರ್ಧಕ್ಕ ಹೋಗಿ ಕೈ ನಿಂತಿತು.

'ಹಿಡಿಯಂಗಿಲ್ಲ' ಅಂದ್ಲು.

'ಇಲ್ಲೆ... ಹಿಡಿ.'

'ಹಿಡಿಯಂಗಿಲ್ಲ.'

ಟಪ್ ಅಂತ ಬ್ಯಾಟ್ರಿ ಆರಿಸಿದ್ಲು.

ಏನೂ ಕಾಣವಲ್ದು. ಕತ್ತಲದಾಗ ಆಕಿ ಉಸರು ಒಂದ ಕೇಳಾಕತ್ತಿತ್ತು. ಆಮ್ಯಾಲೆ ಮಾತು. ಗಂಡನ್ನ ಹೆಸರ ಹಿಡದು ಕರದಾಕಿ ಅಲ್ಲ ಆಕಿ, ರೀ ಅನ್ನಲಾರದ ಮಾತಾಡಿದಾಕಿ ಅಲ್ಲ. ಆವತ್ತ ಎಲ್ಲಾ ಬಿಟ್ಲು.

'ಟೇಪ್ ಸುತ್ತು ಅಂದೆ. ಸುತ್ತಲಿಲ್ಲ. ಹೆಣ ಆಗಿ ಬಿದ್ದಿ. ನಾ ನಿನ್ನ ಮ್ಯಾಲೆ ಬಿದ್ದು ಅಳಲಿಲ್ಲ ಅಂತ ಊರೆಲ್ಲಾ ಮಾತಾಡಿತು, ಕೇಳ್ಕೊಂಡೆ. ಹೋದಾಂವ ಸುಮ್ಮನರ ಇರ್ತೀಯೇನು? ಬಂದು ಮತ್ತ ಅದ ತಪ್ಪು ಮಾಡ್ತಿ? ನಾಳೆ ನಿನ್ನ ತಮ್ಮ ಹಗ್ಗ ತಗೊಂಡು ಬರ್ತಾನ. ಒಯ್ಲಿ ಅಂದ್ರ ಎಳಿ, ನಾ ಬಿಡ್ತೇನಿ. ಇಲ್ಲಾಂದ್ರ ನಾ ಹೇಳ್ದಂಗ ಮಾಡು. ಒಂದ ಹಲ್ಲು ಹಿಂದ.'

ಸಪ್ಪಳ ಇಲ್ಲ.

'ಒಂದ ಸಲರ ಕೇಳೊ ನನ್ನ ಮಾತು... ಒಂದ ಸಲ.'

ಆ ಮಾತಿಗೆ ಆಕಿ ದನಿ ಒಡೀತು. ಎಷ್ಟ ಹೊತ್ತು ಹೋತೋ ಗೊತ್ತಿಲ್ಲ...

ಕಟ್.

ಒಂದ. ಒಂದ ಹಲ್ಲಿನ ಸಪ್ಪಳ.

ನಾಗಕ್ಕ ಎದ್ಲು. ಕತ್ತಲದಾಗ ನಡಕೊಂತ ಒಳಗ ಹೋಗಿ ಕದಾ ಹಾಕ್ಕೊಂಡ್ಲು. ಚಿಲಕದ ಸಪ್ಪಳ ಕೇಳಿತು. ಆಮ್ಯಾಲೆ ಶೆಡ್ಡಿನ್ಯಾಗ ಕಿರ್... ಕಿರ್... ಟಕ್. ಕಿರ್... ಕಿರ್... ಟಕ್. ಒಂದಾದ ಮ್ಯಾಲೆ ಒಂದು ಬೋಲ್ಟ್. ನಾ ಅಲ್ಲಿಂದ ಓಡಿ ಬಂದು ಗಂಡನ ಹಾಸಿಗ್ಯಾಗ ಹೊಕ್ಕೊಂಡೆ.

ಬೆಳಕ ಹರಿಯೋಮುಂದ ಹೋಗಿ ನೋಡಿದ್ರ ಇಂಜಿನ್ನಿನ ಮುಂದಿನ ಮುಚ್ಚಳ ಕುಂತೈತಿ. ಬೋಲ್ಟ್ ಎಲ್ಲಾ ಬಿಗದಾವ.

ದಾನವ್ವತ್ತಿ ಎದಿ ಬಡಕೊಂಡು ಅತ್ಲು. 'ನನ್ನ ಮಗ ಮಾಡ್ಯಾನ! ಉಳದ ಸಾಮಾನ ಹಾಕಿ ಚಾಲೂ ಮಾಡ ನಾಗರತ್ನಾ, ಲೋಹಿತ ಬರೋ ಹೊತ್ತಾತು.'

'ಬಿಚ್ಚಿ ನೋಡ್ತೇನಿ' ಅಂದ್ಲು ನಾಗಕ್ಕ.

'ಗಂಡನ ಮ್ಯಾಲೆ ಅಷ್ಟೂ ನಂಬಿಗಿ ಇಲ್ಲೇನ ನಿನಗ?'

'ಇಲ್ಲ.'

ಮುಚ್ಚಳ ಬಿಚ್ಚಾಕತ್ತಾಗ ಲೋಹಿತ ಬಂದ. ಟ್ರ್ಯಾಕ್ಟರ್, ಹಗ್ಗ, ಸಂಗಾಟ ಇಬ್ಬರು ಗೆಳೆಯಾರು. 'ಏನ್ರಿ ವೈನಿ, ಇನ್ನಾ ಬಿಚ್ಚಾಕತ್ತೀರಿ? ಕೂಡಸೋದು ಯಾವಾಗ?' ಅಂತ ನಕ್ಕ. ಅವನ ಹಲ್ಲಿಗೆ ಅದ ಪಾನಾ ಹಾಕಿ ತಿರಿವಬೇಕು ಅನಿಸ್ತು ನನಗ.

ನಾಗಕ್ಕ ಅವನ ಕಡೆ ಹೊಳ್ಳಿ ನೋಡಲಿಲ್ಲ. ಮುಚ್ಚಳ ಕೆಳಗ ಇಟ್ಲು. ಬ್ಯಾಟ್ರಿ ಹಚ್ಚಿ ಬಗ್ಗಿ ನೋಡಿದ್ಲು. ಮ್ಯಾಲಿನ ಚುಕ್ಕಿಗೆ ಬಣ್ಣದ ಕಡಿ. ಕೆಳಗಿನ ಚುಕ್ಕಿಗೆ ಬಣ್ಣದ ಕಡಿ. ಕೂದಲೆಳಿಯಷ್ಟೂ ಆಚೆ ಈಚೆ ಇಲ್ಲ.

ಆಕಿ ಅಲ್ಲೇ ನೆಲಕ್ಕ ಕುಂತ್ಲು. ವ್ಯಾನಿನ ತಗಡಿಗೆ ಮುಷ್ಟಿಲೆ ಗುದ್ದಿದ್ಲು. 'ಈಗ ಕೇಳಿದ್ಯಾ? ಈಗ?' ಅಂದ್ಲು. ಮತ್ತ ಗುದ್ದಿದ್ಲು. 'ಈಗ ಕೇಳಿದ್ಯೇನೊ?'

ಅವತ್ತ ಅತ್ಲು ನಾಗಕ್ಕ. ಪಂಚಮಿಯಿಂದ ಅಳಲಾರದ್ದು ಪೂರಾ ಅತ್ಲು. ಲೋಹಿತನ ನಗಿ ಅಲ್ಲಿಗೆ ನಿಂತಿತು, ಆದ್ರ ಹಗ್ಗ ಬಿಡಲಿಲ್ಲ. 'ಅಳೋದು ಆಮ್ಯಾಲೆ ಅಳ್ರಿ. ಮಾತಂದ್ರ ಮಾತು, ಗಾಡಿ ಚಾಲೂ ಆಗಿಲ್ಲ' ಅಂತ ಹಗ್ಗ ಹಿಡಕೊಂಡು ಮುಂದ ಬಂದ.

ಆಗ ದಾನವ್ವತ್ತಿ ಎದ್ಲು. ಮೊಣಕಾಲ ಹಿಡಕೊಂಡು ಕುಂಟಕೊಂತ ಹೋಗಿ ವ್ಯಾನಿನ ಬಾಗಲಾ ತಗದು ಒಳಗ ಹತ್ತಿ ಕುಂತ್ಲು. ಬಾಗಲಾ ಧಡ್ ಅಂತ ಹಾಕ್ಕೊಂಡ್ಲು. 'ಎಳಕೊಂಡು ಹೋಗೋದಿದ್ರ ನನ್ನೂ ಕೂಡಿ ಎಳಕೊಂಡು ಹೋಗಲೇ. ರವಿವಾರ ಇನ್ನಾ ಮುಗದಿಲ್ಲ. ಆಕಿ ಕೂಡಸ್ತಾಳ. ನೀ ಆ ಕಟ್ಟಿ ಮ್ಯಾಲೆ ಕುಂದರು.'

ಹೆತ್ತ ತಾಯಿ ಅಂಥಾ ಮಾತಂದ ಮ್ಯಾಲೆ ಅಂವ ಏನ ಮಾಡ್ತಾನ? ಕುಂತ.

ನಾಗಕ್ಕ ಮಾರಿ ಒರಸ್ಕೊಂಡ್ಲು. ಮುಚ್ಚಳ ಹಾಕಿದ್ಲು, ಪುಲ್ಲಿ ಹಾಕಿದ್ಲು, ಬೆಲ್ಟ್, ರೇಡಿಯೇಟರ್, ಎಣ್ಣಿ, ನೀರು. ಮಧ್ಯಾಹ್ನ ತಿರುಗಿತ್ತು. ಕೈಲೆ ಇಂಜಿನ್ ತಿರಿವಿ ನೋಡಿದ್ಲು, ಎಲ್ಲೂ ಬಡೀಲಿಲ್ಲ. ಆಮ್ಯಾಲೆ ಹತ್ತಿ ಕುಂತು ಕೀಲಿ ತಿರಿವಿದ್ಲು.

ಗರ್ರ್... ಗರ್ರ್... ಝುಂ.

ಕಟಕಟ ಇಲ್ಲ, ಚರ್ರ್ ಇಲ್ಲ. ಹೊಲಿಗಿ ಮಷಿನ್ ಓಡಿದಂಗ. ಲೋಹಿತ ಹಗ್ಗ ಸುತ್ತಿ ಟ್ರ್ಯಾಕ್ಟರಿಗೆ ಒಗದು ಹೋದ. ಮರುದಿನ ನಸುಕಿನ್ಯಾಗ ನಾವೆಲ್ಲಾ ನಾಗಕ್ಕನ ವ್ಯಾನಿನ್ಯಾಗ ಹಾನಗಲ್ಲ ಕಡೆ ಹೊಲಕ್ಕ ಹೋದ್ವಿ. ಇವತ್ತಿಗೂ ಹೊಂಟೇವಿ. ರಾತ್ರಿ ಶೆಡ್ಡಿನ್ಯಾಗ ಸಪ್ಪಳ ಇಲ್ಲ.

ಊರ ಮಂದಿ ಇಲ್ಲಿಗೆ ಮುಗಸ್ತಾರ. ಒಂದ ಮಾತು ಅವರಿಗೆ ಗೊತ್ತಿಲ್ಲ. ಇನ್ನಾ ಸಮೀಪ ಬರ್ರಿ...

ಆ ಮುಚ್ಚಳದ ಅಂಚಿಗೆ ಎಣ್ಣಿ ಸೋರಬಾರದು ಅಂತ ಒಂದ ಥರಾ ಗಮ್ ಹಚ್ತಾರ. ನಾಗಕ್ಕ ಹುಬ್ಬಳ್ಳಿಯಿಂದ ತಂದಿದ್ದು ಬೂದಿ ಬಣ್ಣದ್ದು, ಅದರ ಬಾಯಿ ಸೈತ ಇನ್ನಾ ಕತ್ತರಿಸಿದ್ದಿಲ್ಲ. ಅವತ್ತ ಮುಂಜಾನೆ ಮುಚ್ಚಳಕ್ಕಿದ್ದ ಗಮ್ ಕೆಂಪಂದು. ಮನ್ಯಾಗ ಕೆಂಪ ಗಮ್ ಇದ್ದಿದ್ದಿಲ್ಲ, ಸವಣೂರಾಗ ಅತೀಕನ ಹತ್ರಾನೂ ಇದ್ದಿದ್ದಿಲ್ಲ.

ನಾಗಕ್ಕ ಬ್ಲೇಡ್ ತಗೊಂಡು ಆ ಕೆಂಪ ಗಮ್ ಪೂರಾ ಕೆರದು ಒಗದ್ಲು. ಒಂದ ಚೂರು ಬಿಡಲಿಲ್ಲ. 'ಚುಕ್ಕಿಗೆ ಕಡಿ ಕೂಡಿಸಿದ್ದು ನನ್ನ ಮಾತು, ಅದು ಇರಲಿ. ಉಳದದ್ದು ನನ್ನ ಕೈಲೆ ಆಗಬೇಕು' ಅಂದ್ಲು. ಸಿಟ್ಟ ಇಳದಿದ್ದಿಲ್ಲ ಆಕಿಗೆ. ಇವತ್ತಿಗೂ ಇಳದಿಲ್ಲ. ತನ್ನ ಬೂದಿ ಗಮ್ ಹಚ್ಚಿ ಮುಚ್ಚಿದ್ಲು.

ಕೆರದು ಒಗದಿದ್ದನ್ನ ದಾನವ್ವತ್ತಿ ವ್ಯಾನಿನಿಂದ ಇಳದ ಮ್ಯಾಲೆ ಒಂದೊಂದ ಚೂರು ಆರಿಸಿ ಸೆರಗಿನ ಗಂಟಿನ್ಯಾಗ ಕಟ್ಕೊಂಡ್ಲು. ಅದರಾಗ ಒಂದ ದೊಡ್ಡ ಚೂರಿನ ಮ್ಯಾಲೆ ಹೆಬ್ಬೆಟ್ಟ ಒತ್ತಿದ ಗುರ್ತು ಐತಿ. ಗಂಡಸಿನ ಹೆಬ್ಬೆಟ್ಟು, ಅಗಲಂದು, ಒಂದೊಂದ ಗೀಟು ಕಾಣತೈತಿ. ನಾಗಕ್ಕ ಮನ್ಯಾಗ ಇಲ್ಲದಾಗ ಮುದುಕಿ ಗಂಟ ಬಿಚ್ಚಿ ನನಗ ತೋರಿಸ್ತಾಳ.

ಸುಳ್ಳಂದವರು ನಾಳೆ ನನ್ನ ಕೂಡ ಬರ್ರಿ. ಅತೀಕ ಅಂತಾನ, ಗಮ್ ಅನ್ನೋದು ಹಚ್ಚಿದ ಮರುದಿನ ರಬ್ಬರಿನಂಗ ಗಟ್ಟಿ ಆಗಬೇಕಂತ. ಹತ್ತಿ ಹಂಗಾಮ ಮುಗೀತು, ಸಂಕ್ರಾಂತಿ ಬಂದು ಹೋತು. ಮೊನ್ನೆ ನಾ ಆ ಚೂರು ಬೆರಳಲೆ ಮುಟ್ಟಿ ನೋಡೇನಿ. ಇನ್ನಾ ಹಸಿ ಐತಿ.